ಅರ್ಧ ಸಾಲು ಮುಂಚೆ
ಅಮೆರಿಕದ ಟಲ್ಸಾ ನಗರದಲ್ಲಿ ಮುದುಕ ವೆಂಡೆಲ್‌ನ ಬ್ಯಾಂಡು ಹಾಡುವ ಭಾನುವಾರ ಮಧ್ಯಾಹ್ನಗಳಲ್ಲಿ ವೇದಿಕೆಯ ಎಡಮೂಲೆಗೆ ಅಂಟಿಕೊಂಡು ನಿಲ್ಲುವವಳು ಮಾರ್ವಾ. ಅಲ್ಲಿನ ಹಳ್ಳಿಗಾಡಿನ ಕಂಟ್ರಿ ಹಾಡಿಗೆ ರಾಕ್ ಗಿಟಾರಿನ ಅಬ್ಬರ ಬೆರೆಸುವ ಈ ಬ್ಯಾಂಡಿನ ಒಂದು ಕಾರ್ಯಕ್ರಮವನ್ನೂ ಮೂವತ್ತೊಂದು ವರ್ಷದಲ್ಲಿ ಅವಳು ತಪ್ಪಿಸಿಕೊಂಡವಳಲ್ಲ. ಒಮ್ಮೆ ಮಗಳ ಮದುವೆಯ ಊಟವನ್ನೇ ಅರ್ಧಕ್ಕೆ ಬಿಟ್ಟು ಓಡಿಬಂದಳು. ಕೊಂಡ ಬಿಯರನ್ನು ಕುಡಿಯುವುದಿಲ್ಲ, ಪಕ್ಕದವರು ಕುಣಿದರೆ ಗದರುತ್ತಾಳೆ, ಕೆಮ್ಮು ಬಂದೀತೆಂದು ಹೆದರಿ ಜೇಬಿನ ತುಂಬ ಪೆಪ್ಪರ್‌ಮಿಂಟು ತುಂಬಿಕೊಂಡಿರುತ್ತಾಳೆ. ಪ್ರತಿ ಹಾಡಿನ ಪ್ರತಿ ಪದಕ್ಕೂ, ವೆಂಡೆಲ್‌ಗಿಂತ ಅರ್ಧ ಸಾಲು ಮುಂಚೆ, ಸದ್ದಿಲ್ಲದೆ ದೊಡ್ಡದಾಗಿ ಬಾಯಿ ಆಡಿಸುತ್ತಾಳೆ. "ನಿಂಗೆಲ್ಲಾ ಬಾಯಿಪಾಠ ಅಂತ ಊರಿಗೇ ಗೊತ್ತು ತಾಯಿ, ಅವನನ್ನೂ ಸ್ವಲ್ಪ ಹಾಡೋಕೆ ಬಿಡು!" ಎಂದು ಹಿಂದಿನವರು ರೇಗಿಸುತ್ತಾರೆ. "ಅಡ್ಡ ಮಾತ್ರ ಬರ್ಬೇಡಪ್ಪಾ, ನಿನ್ ದಮ್ಮಯ್ಯ" ಎಂದು ಅವಳು ವೇದಿಕೆಯಿಂದ ಕಣ್ಣು ತೆಗೆಯದೆಯೇ ಬೇಡಿಕೊಳ್ಳುತ್ತಾಳೆ. ಎರಡು ವರ್ಷದ ಹಿಂದೆ ವೆಂಡೆಲ್ ತಾನೇ ಬರೆದ ಹಾಡಿನ ನಡುವೆ ತಟ್ಟನೆ ನಿಂತು, ಜಾತ್ರೆಯಲ್ಲಿ ಕೈತಪ್ಪಿದ ಮಗುವಿನಂತೆ ಸುತ್ತ ನೋಡಿ, ಕೊನೆಗೆ ಅವಳ ತುಟಿಗಳಲ್ಲಿ ಮುಂದಿನ ಪದ ಹುಡುಕಿಕೊಂಡದ್ದು ಅವರಿಗಾರಿಗೂ ತಿಳಿಯದು. ಅಂದಿನಿಂದ ಅವನು ಎಡಕ್ಕೇ ತಿರುಗಿ ಹಾಡುತ್ತಾನೆ. ಅವಳು ದಿನವೂ ಬೆಳಿಗ್ಗೆ ಎಲ್ಲ ಹಾಡುಗಳನ್ನೂ ತನಗೆ ತಾನೇ ಒಪ್ಪಿಸಿಕೊಳ್ಳುತ್ತಾಳೆ. ಇಂದು ಬೆಳಿಗ್ಗೆ ನಾಲ್ಕನೆಯ ಹಾಡಿನ ಎರಡನೆಯ ಸಾಲು ಅವಳಿಗೆ ಎಷ್ಟು ತಡಕಿದರೂ ಸಿಗಲಿಲ್ಲ. ಈಗ ಮೂರನೆಯ ಹಾಡಿಗೆ ಚಪ್ಪಾಳೆ ಬೀಳುತ್ತಿದೆ. ವೆಂಡೆಲ್ ಎಡಕ್ಕೆ ತಿರುಗುತ್ತಿದ್ದಾನೆ.