ನಗದೇ ಎದ್ದ ಹೆಣ

ಇದು ನಡೆದದ್ದೇ. ಮೂವತ್ತು ವರ್ಷ ಪತ್ತೇದಾರಿ ಕಾದಂಬರಿ ಬರೆದು ಹೊಟ್ಟೆ ಹೊರೆದವನು ನಾನು. ಕಟ್ಟುಕತೆಯಾಗಿದ್ದರೆ ಕೊನೆಗೊಬ್ಬ ಕೊಲೆಗಾರನನ್ನಾದರೂ ಹಿಡಿದುಕೊಡುತ್ತಿದ್ದೆ.

ಕಾದಂಬರಿ ಕೊಳ್ಳುವವರು ಕಡಿಮೆಯಾದ ಮೇಲೆ ಧಾರಾವಾಹಿಗಳಲ್ಲಿ ಮುಖ ತೋರಿಸತೊಡಗಿದೆ. ಒಮ್ಮೆ ಜಡ್ಜ್, ಎರಡು ಸಲ ಪೋಸ್ಟ್‌ಮಾಸ್ಟರ್, ಉಳಿದದ್ದೆಲ್ಲ ಹೆಣ. ಹೆಣಕ್ಕೆ ಬಾಯಿಪಾಠದ ಕಾಟವಿಲ್ಲ. ಆದರೆ ಒಂದು ಪದ್ಧತಿಯಿದೆ. ಸತ್ತ ಪಾತ್ರ ಮಾಡಿದವನು ಏಳುವ ಮುಂಚೆ ಕ್ಯಾಮೆರಾ ನೋಡಿ ಒಮ್ಮೆ ನಗಬೇಕು. ಇಲ್ಲದಿದ್ದರೆ ಸಾವು ಬೆನ್ನು ಹತ್ತಿ ಮನೆಗೆ ಬರುತ್ತದಂತೆ. ನನಗೊಮ್ಮೆ ಎದೆನೋವು ಬಂದ ಮೇಲಂತೂ ಹೆಂಡತಿ ಶಾಂತಮ್ಮನಿಗೆ ಇದು ವೇದವಾಕ್ಯ.

ಆ ದಿನ ಗಬ್ಬೂರಿನ ಹಳೇ ಮನೆಯೊಂದರಲ್ಲಿ ಶೂಟಿಂಗ್. ಬೆಳಿಗ್ಗೆಯಿಂದ ಮೂಗಿಗೆ ಹತ್ತಿ, ಊದುಬತ್ತಿ ಹೊಗೆ, ಬಾವಲಿ ಹಿಕ್ಕೆಯ ವಾಸನೆ... ಕತ್ತಲಾಗುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು.

"ಸರ್, ಒಮ್ಮಿ ನಕ್ಕು ಏಳ್ರಿ," ಅಂದರು ಕ್ಯಾಮೆರಾದ ಖಾಜಾಸಾಬ್.

"ನಗಾಕ ತ್ರಾಣ ಇಲ್ಲರೀ. ರಾಯಚೂರು ಬಸ್ ತಪ್ಪತದ."

ಅವರು ಮುಖ ಸಣ್ಣದು ಮಾಡಿಕೊಂಡು ತಮ್ಮ ಬೈಕಿನಲ್ಲೇ ನನ್ನನ್ನು ಬಸ್ಸಿಗೆ ಬಿಟ್ಟರು.

ಮನೆ ಬಾಗಿಲಲ್ಲೇ ಶಾಂತಮ್ಮ ಕೇಳಿದಳು. "ನಕ್ಕು ಬಂದ್ರೇನ್ರೀ?"

"ಹೂಂ."

ಅವಳು ನಂಬಲಿಲ್ಲ. ತಾಟು ಮುಂದಿಟ್ಟು ನನ್ನ ಎದೆಯನ್ನೇ ನೋಡುತ್ತಾ ಕೂತಳು. ನನಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಖಾಜಾಸಾಬರ ಫೋನ್. ದನಿ ಇಳಿದಿತ್ತು.

"ಸರ್... ನಿಮ್ಮನ್ನ ಬಸ್ ಹತ್ತಿಸಿ ಬಂದ್ರ ಕ್ಯಾಮೆರಾ ಚಾಲೂ ಉಳಿದಿತ್ರೀ. ಉಳಿದವರೆಲ್ಲ ಮೊದಲ ಹೋಗಿದ್ರು, ಮನ್ಯಾಗ ಯಾರೂ ಇದ್ದಿಲ್ಲ. ಅದರಾಗ ಬಂದದ್ದು ಕಳಿಸೀನಿ, ನೋಡ್ರಿ. ನನಗೇನೂ ಕೇಳಬ್ಯಾಡ್ರಿ."

ವಿಡಿಯೊ ತೆರೆದೆ. ನಾನು ಚಾಪೆಯಿಂದೆದ್ದು ಹೊರಟೆ. ಬೈಕಿನ ಸದ್ದು ದೂರವಾಯಿತು. ಖಾಲಿ ಚಾಪೆ... ಬಹಳ ಹೊತ್ತು ಬರೀ ಚಾಪೆ... ಆಮೇಲೆ ಅದರ ಮೇಲೆ ನಾನು. ಎದೆತನಕ ಬಿಳಿಬಟ್ಟೆ, ಮೂಗಿಗೆ ಹತ್ತಿ. ನಿಧಾನವಾಗಿ ಕಣ್ಣು ತೆರೆದು, ಕ್ಯಾಮೆರಾ ನೋಡಿ, ಬಾಯಿ ತುಂಬ ನಕ್ಕೆ.

ಆ ಹೊತ್ತಿಗೆ ನಾನು ಬಸ್ಸಿನಲ್ಲಿದ್ದೆ.

ಬೆನ್ನ ಹಿಂದೆ ಬಂದು ನಿಂತಿದ್ದ ಶಾಂತಮ್ಮ ಆ ನಗುವನ್ನಷ್ಟೇ ನೋಡಿದ್ದಳು. "ಖರೇನ ನಕ್ಕೀರಿ ಬಿಡ್ರಿ," ಎಂದು ಕಣ್ಣೊರೆಸಿಕೊಂಡಳು. ಎಷ್ಟೋ ತಿಂಗಳ ಮೇಲೆ ಅವಳಿಗೆ ಆ ರಾತ್ರಿ ನಿದ್ದೆ ಹತ್ತಿತು. ನಾನು ಬೆಳಗಿನವರೆಗೆ ಗೋಡೆಗೊರಗಿ ಕೂತಿದ್ದೆ.

ಈಗಲೂ ಹೇಳಿಲ್ಲ. ಹೇಳಿದರೆ ಅವಳ ನಿದ್ದೆ ಹೋಗುತ್ತದೆ, ಹೇಳದಿದ್ದರೆ ನನ್ನದು. ಅವಳ ಹಟಕ್ಕೆ ಆ ನಗುವಿನ ತುಣುಕನ್ನಷ್ಟೇ ಕತ್ತರಿಸಿ ಅವಳ ಫೋನಿಗೆ ಹಾಕಿಕೊಟ್ಟಿದ್ದೇನೆ. ನಾನು ದಣಿದು ಕೂತಾಗೆಲ್ಲ, "ಅವತ್ತಿನಂಗ ಒಮ್ಮಿ ನಗ್ರಿ," ಅನ್ನುತ್ತಾಳೆ. ಪ್ರಯತ್ನಿಸುತ್ತೇನೆ. ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿ, ಸುಮ್ಮನೆ ಫೋನ್ ತೆರೆದು, ಅವನನ್ನು ನೋಡುತ್ತಾ ಕೂರುತ್ತಾಳೆ.