ಎರಡು ಕಂಪೈಲರುಗಳ ಸುಲ್ಮಾ

ಉರುಗ್ವಾಯ್ ಹೊಳೆ ಉಕ್ಕಿದರೆ ನಮ್ಮೂರಿನ ತಗ್ಗಿನ ಕೇರಿಯಲ್ಲಿ ಸೈರನ್ ಕೂಗಬೇಕು. ಕೂಗಿಸುವುದು ನಮ್ಮ ಕಚೇರಿಯ, ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮು. ಅದನ್ನು ನೋಡಿಕೊಳ್ಳುತ್ತಿದ್ದವಳು ಸುಲ್ಮಾ ಎಚೆವೆರ್ರಿ. ಒಂದೇ ಪ್ರೋಗ್ರಾಮು ಕಚೇರಿಯ ಹೊಸ ಕಂಪ್ಯೂಟರಿನಲ್ಲೂ ಓಡಬೇಕು, ಹೊಳೆದಂಡೆಯ ನೀರಳೆಯುವ ಠಾಣೆಯ ಮುದಿ ಯಂತ್ರದಲ್ಲೂ ಓಡಬೇಕು. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರು ಅದಕ್ಕೊಂದು, ಇದಕ್ಕೊಂದು. ಅತ್ತೆ ಸೊಸೆ ಇದ್ದ ಹಾಗೆ, ಒಬ್ಬಳು ಒಪ್ಪಿದ್ದು ಇನ್ನೊಬ್ಬಳಿಗಾಗದು.

ಸುಲ್ಮಾ ಒಮ್ಮೆ ಎಡವಿದಳು. ಹೊಳೆಯ ಮಟ್ಟವನ್ನು ನೂರರಿಂದ ಗುಣಿಸುವ ಸಾಲೊಂದನ್ನು ಸೇರಿಸಿ, ಹೊಸದರಲ್ಲಿ ಮಾತ್ರ ಓಡಿಸಿ ನೋಡಿ ಠಾಣೆಗೆ ಕಳಿಸಿದಳು. ಹಳೇ ಕಂಪೈಲರು ಅಂಕಿಗೆ ಕೊಡುವ ಜಾಗ ಚಿಕ್ಕದು. ಮೂವತ್ತೆರಡು ಸಾವಿರ ಚಿಲ್ಲರೆ ದಾಟಿದರೆ ಅಂಕಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ನೆರೆ ಬಂದ ದಿನ ಠಾಣೆಯ ಯಂತ್ರಕ್ಕೆ ಹೊಳೆ ಬತ್ತಿದಂತೆ ಕಂಡಿತು. ಸೈರನ್ ಕೂಗಲಿಲ್ಲ. ಅದು ಕೂಗಿದರೆ ಮನೆ ಬಿಡೋಣ ಎಂದು ತಗ್ಗಿನ ಕೇರಿಯಲ್ಲಿ ಕಾಯುತ್ತಿದ್ದವನು ಅವಳ ಸ್ವಂತ ಅಣ್ಣ ಒಲೆಗಾರಿಯೊ. ಅತ್ತಿಗೆ ನಿಡಿಯಾ ಮಾಡು ಹತ್ತಿ ಉಳಿದಳು. ಅವನು ಕುದುರೆ ಬಿಚ್ಚಲು ಇಳಿದವನು ಮೇಲೆ ಬರಲಿಲ್ಲ.

ಹೆಣ ಇನ್ನೂ ಮನೆಯಲ್ಲಿತ್ತು. ಸುಲ್ಮಾ ಅತ್ತಿಗೆಯ ಮುಂದೆ ನಿಂತು, “ನನ್ನಿಂದಲೇ ಆಯ್ತು,” ಅಂದಳು. ನಿಡಿಯಾ ಬೈಯಲಿಲ್ಲ. “ನಾನು ಈ ಮನೆ ಬಿಡಲ್ಲ ಕಣೇ. ನೀನು ಅದನ್ನ ಸರಿ ಮಾಡು,” ಅಂದಳು ಅಷ್ಟೇ. ಅಯ್ಯೋ, ಎರಡೇಟು ಹೊಡೆದಿದ್ದರೇ ವಾಸಿಯಿತ್ತು!

ಸುಲ್ಮಾ ಹಳೇ ಕಂಪೈಲರಿಗೆಂದೇ ಬೇರೆ ಸಾಲುಗಳನ್ನು ಬರೆದು ತಪ್ಪು ತಿದ್ದಿದಳು. ಠಾಣೆಯದರಂಥದೇ ಮುದಿ ಯಂತ್ರವೊಂದನ್ನು ತನ್ನ ಮೇಜಿನ ಪಕ್ಕ ತರಿಸಿಕೊಂಡಳು. ಒಂದಕ್ಷರ ಬದಲಾದರೂ ಮೊದಲು ಅದರಲ್ಲಿ, ಹಳೇ ನೆರೆಗಳ ಅಂಕಿಗಳನ್ನೆಲ್ಲ ಉಣಿಸಿ ನೋಡಬೇಕು. ಅಲ್ಲಿಯವರೆಗೆ ಊಟವಿಲ್ಲ.

“ಅಜ್ಜಿ ಏನಂತಾಳೆ ಇವತ್ತು?” ಅಂತ ಆ ಮುದಿ ಯಂತ್ರವನ್ನು ತೋರಿಸಿ ಪಕ್ಕದ ಮೇಜಿನ ನಾನು ಕೆಣಕುತ್ತಿದ್ದೆ.

“ಮುನಿಸ್ಕೊಂಡಿದಾಳೆ. ಬಾಯ್ಮುಚ್ಕೊಂಡು ನಿನ್ನ ಮಾಟೇ ಚಹಾ ಕುಡಿ.”

ಆಮೇಲೆ ಫಾಬ್ರಿಸಿಯೊ ಎಂಬ ಹೊಸ ಮುಖ್ಯಸ್ಥ ಬಂದ. ಸುಲ್ಮಾಳನ್ನು ಗೌರವದಿಂದ ದೋನ್ಯಾ ಅಂತ ಕರೆಯುತ್ತಿದ್ದ. “ದೋನ್ಯಾ ಸುಲ್ಮಾ, ಠಾಣೆಗೆ ಹೊಸ ಯಂತ್ರ ಬರುತ್ತಂತೆ. ಈ ಮುದಿ ಕಂಪೈಲರಿಗೆ ಎಳ್ಳುನೀರು ಬಿಡೋಣ್ವಾ?”

“ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲೀಬೇಡಪ್ಪ. ಬಂದ ದಿನ ನಾನೇ ಅಳಿಸ್ತೀನಿ.”

ಯಂತ್ರ ಬರಲಿಲ್ಲ. ಸುಲ್ಮಾ ನಿವೃತ್ತಳಾದಳು. ಫಾಬ್ರಿಸಿಯೊನ ಕೈ ಸುಮ್ಮನಿರಬೇಕಲ್ಲ! ಅಜ್ಜಿಗೆಂದೇ ಬರೆದಿದ್ದ ಸಾಲುಗಳನ್ನು ಒಂದು ಬೆಳಿಗ್ಗೆ ಅಳಿಸಿ, “ಹೊಸದ್ರಲ್ಲಿ ಓಡ್ತು, ಸಾಕು. ಠಾಣೆಗೆ ಕಳಿಸ್ತೀನಿ,” ಅಂದ. ನನಗೆ ಮೈಯೆಲ್ಲ ಉರಿದುಹೋಯಿತು.

“ಸುಲ್ಮಾ ಈಗ ಎಲ್ಲಿದಾಳೆ ಗೊತ್ತೇನಯ್ಯ?”

“ಮಗಳ ಮನೇಲಿರಬೇಕು.”

“ತಗ್ಗಿನ ಕೇರೀಲಿ, ಅತ್ತಿಗೆ ಜೊತೆ. ಇಲ್ಲಿ ಕೆಲಸ ಬಿಟ್ಟ ವಾರವೇ ಮಂಚ ಅಲ್ಲಿಗೆ ಸಾಗಿಸಿದಳು. ಯಾಕೆ ಅಂತ ಕೇಳ್ದೆ. ‘ನನ್ನ ಕುರ್ಚೀಲಿ ಇನ್ನು ಬೇರೆಯವರು ಕೂರ್ತಾರೆ. ಸೈರನ್ ಕೂಗಿಸ್ತಾರೆ ಅಂತ ಅವರನ್ನ ನಿಡಿಯಾ ಒಬ್ಬಳೇ ಯಾಕೆ ನಂಬ್ಕೊಂಡಿರಬೇಕು?’ ಅಂದ್ಲು.”

ಫಾಬ್ರಿಸಿಯೊ ಠಾಣೆಗೆ ಕಳಿಸುವುದನ್ನು ನಿಲ್ಲಿಸಿದ. ಆಮೇಲೆ ಅಳಿಸಿದ್ದನ್ನೆಲ್ಲ ವಾಪಸು ಹಾಕಿದ. ಹಳೇ ಯಂತ್ರದ ಮುಂದೆ ಕುರ್ಚಿ ಎಳೆದುಕೊಂಡು ಕೂತು, ನೆರೆಯ ಅಂಕಿಗಳನ್ನು ಓದಿ ಹೇಳಿ ಅಂತ ನನ್ನನ್ನು ಕೇಳಿದ.