ದೊಡ್ಡಳಿಯನ ಮೂಗು

ಮಾವನ ಮನೆಯ ದೊಡ್ಡಳಿಯನ ಮೂಗೆಂದರೆ ಚಿಕ್ಕಳಿಯನಿಗೆ ಕಣ್ಣುರಿ. ದೊಡ್ಡಳಿಯ ಹಳೇ ಫ್ರೆಂಚ್ ಕೆಂಪು ವೈನಿನ ಬಾಟಲಿಯನ್ನು ಹಸುಗೂಸಿನಂತೆ ಎದೆಗವಚಿಕೊಂಡು ಬರುತ್ತಾನೆ, "ಮೂರು ಜಾತಿ ದ್ರಾಕ್ಷಿ ಬೆರೆಸಿದ್ದು, ಅವಸರ ಮಾಡ್ಬಾರ್ದು" ಎಂದು ಎಲ್ಲರನ್ನೂ ಕಾಯಿಸುತ್ತಾನೆ, ಗ್ಲಾಸನ್ನು ತಿರುಗಿಸಿ ತಿರುಗಿಸಿ ಅದರೊಳಗೆ ಮೂಗಿಳಿಸಿ ಕಣ್ಣು ಮುಚ್ಚುತ್ತಾನೆ. ಆಮೇಲೆ ಅವನು ಹೇಳಿದ್ದೇ ಮಾವನಿಗೆ ವೇದವಾಕ್ಯ. ಒಮ್ಮೆ ಚಿಕ್ಕಳಿಯ ಧೈರ್ಯ ಮಾಡಿ "ದ್ರಾಕ್ಷಿ ವಾಸನೆ ಬರ್ತಿದೆ" ಅಂದಾಗ ಅವನ ಹೆಂಡತಿಯೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದಳು. ಈ ಸಲ ಬೇರೆ ಜಾಗವಿಲ್ಲದೆ ಅವನು ದೊಡ್ಡಳಿಯನ ಹೆಂಡತಿಯ ಪಕ್ಕದಲ್ಲಿ ಕೂರಬೇಕಾಯಿತು. ಅತ್ತಿಗೆ ಒಂದು ಗುಟುಕು ಕುಡಿದು ಗಂಡನ ಕಿವಿಗೆ ಬಾಗಿ, "ಒಣಗಿದ ಅಂಜೂರ, ರೀ. ಜೊತೆಗೆ ಸ್ವಲ್ಪ ಹಳೇ ಚರ್ಮದ ವಾಸನೆ" ಎಂದು ಪಿಸುಗುಟ್ಟಿದಳು. ದೊಡ್ಡಳಿಯ ಕಣ್ಣು ತೆರೆದು ಅದನ್ನೇ ಗಂಭೀರವಾಗಿ ಸಾರಿದ. "ಎಂಥಾ ಮೂಗಪ್ಪಾ!" ಎಂದು ಮಾವ ತಲೆದೂಗಿದರು. ಚಿಕ್ಕಳಿಯ ಬಾಯಿ ತೆರೆಯುವುದರೊಳಗೆ ಅತ್ತಿಗೆ ಅವನ ಕಡೆ ತಿರುಗಿ, "ಹೋದ ವರ್ಷದ ಜ್ವರದಲ್ಲಿ ಅವರಿಗೆ ವಾಸನೆ ಪೂರ್ತಿ ಹೋಯ್ತು. ಯಾರಿಗೂ ಹೇಳ್ಬೇಡಿ, ಅವರಿಗಿರೋ ಖುಷಿ ಇದೊಂದೇ" ಎಂದಳು ಮೆಲ್ಲಗೆ. ಅವನು ಹೇಳಲಿಲ್ಲ. ತನ್ನ ಮೂಗು ಕೈಕೊಟ್ಟಿದ್ದರೆ ತನ್ನ ಕಿವಿಗೆ ಯಾರು ಬಾಗುತ್ತಿದ್ದರೆಂದು ಯೋಚಿಸುತ್ತ, ವಾಸನೆಯೇ ತಿಳಿಯದ ಆ ಮನುಷ್ಯನನ್ನು ಕಂಡು ಮೊದಲಿಗಿಂತ ಹೆಚ್ಚು ಕರುಬಿದ.